ಸಾವಿರ ಆಗುವವರೆಗೆ ನಲವತ್ತು

ನಮ್ಮ ಮನೆಯವರಿಗೆ ನಿಧಾನ ಎಂಬುದು ಹುಟ್ಟಿನಿಂದಲೇ ಬಂದಿರಲಿಲ್ಲ. ಊಟ ಐದು ನಿಮಿಷ, ಸ್ನಾನ ಮೂರು ನಿಮಿಷ, ಕೋಪ ಎರಡು ನಿಮಿಷ. ನಾನು ಇಪ್ಪತ್ತೇಳು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಸಾಲಾಗಿ ನಿಲ್ಲುವುದನ್ನು ಕಲಿಸಿದವಳು. ಮನೆಗೆ ಬಂದರೆ ಈ ಮನುಷ್ಯ ತಟ್ಟೆಗೆ ಸಾರು ಬೀಳುವ ಮೊದಲೇ ಮುದ್ದೆ ಮುರಿದುಕೊಂಡು ಕೂತಿರುತ್ತಿದ್ದರು. ಜೀಪನ್ನೂ ಹಾಗೇ ಓಡಿಸುತ್ತಿದ್ದರು. ನಂಜನಗೂಡಿನ ನಮ್ಮ ಬೀದಿಗೆ ಇವರು ತಿರುಗಿದರೆಂದರೆ ಎದುರು ಮನೆಯ ನಾಯಿ ತಾನಾಗಿಯೇ ಎದ್ದು ಜಗುಲಿ ಹತ್ತುತ್ತಿತ್ತು.

ನಮಗೆ ಮಕ್ಕಳಿಲ್ಲ. ಅದರ ಬಗ್ಗೆ ನೆಂಟರೆಲ್ಲ ಸಾಕಷ್ಟು ಮಾತಾಡಿದ್ದಾರೆ. ಇದ್ದದ್ದು ನಾವಿಬ್ಬರು, ಚಿಕ್ಕಯ್ಯನಛತ್ರದ ಕಡೆ ನಾಲೆ ಬಯಲಿನಲ್ಲಿ ಒಂದಿಷ್ಟು ಗದ್ದೆ, ಮತ್ತು ಆ ಹಳೇ ಡೀಸೆಲ್ ಜೀಪು. ನಾಲ್ಕು ಚಕ್ರಕ್ಕೂ ಎಳೆತ ಇರುವ ಗಾಡಿ. ಕೊಯ್ಲಿನ ಕಾಲದಲ್ಲಿ ಯಾರ ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತುಕೊಂಡರೂ ಇವರಿಗೆ ಫೋನು ಬರುತ್ತಿತ್ತು. ಉಣ್ಣುತ್ತಿದ್ದ ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದು ಹೋಗುತ್ತಿದ್ದರು. ಹಾಗೆ ಒಂದು ದಿನ ಭತ್ತ ತುಂಬಿದ ಟ್ರೇಲರನ್ನು ಕೆಸರಿನಿಂದ ಎಳೆಯುವ ಹುಮ್ಮಸ್ಸಿನಲ್ಲಿ ರೇಡಿಯೇಟರಿನಲ್ಲಿ ನೀರಿದೆಯಾ ಎಂದು ನೋಡಲಿಲ್ಲ. ಟ್ರೇಲರ್ ಮೇಲೆ ಬಂತು, ಎಂಜಿನ್ ಹೋಯಿತು.

ನಮ್ಮ ಮೇಸ್ತ್ರಿಯದು ಊರ ಹೊರಗೆ ತಗಡಿನ ಗ್ಯಾರೇಜು. ವಯಸ್ಸಾದವರು, ಕಡಿಮೆ ಮಾತು. ಒಂದು ತಿಂಗಳು ಎಂಜಿನ್ ಬಿಚ್ಚಿಟ್ಟುಕೊಂಡು, ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿ, ಕೆಟ್ಟು ಕೂತಿದ್ದ ಮೀಟರನ್ನೂ ಬದಲಾಯಿಸಿ, ಸೊನ್ನೆಯಿಂದ ಶುರು ಮಾಡಿಕೊಟ್ಟರು. ಗಾಡಿ ತರಲು ನಾನೂ ಜೊತೆಗೆ ಹೋಗಿದ್ದೆ.

"ನೋಡಿ ಸಾ, ಸಾವ್ರ ಕಿಲೋಮೀಟರ್ ಆಗಗಂಟ ರನ್ನಿಂಗು" ಎಂದರು ಮೇಸ್ತ್ರಿ. "ನಲವತ್ತರ ಮ್ಯಾಲೆ ಓಡಿಸ್ಬ್ಯಾಡಿ. ಲೋಡ್ ಹಾಕ್ಬ್ಯಾಡಿ. ಒಳ್ಗಡೆ ಎಲ್ಲಾ ಹೊಸದು. ಹೊಸದಾಗಿ ಬಂದ ಸೊಸೆ, ಅತ್ತೆ ಇದ್ದಂಗೆ. ಉಜ್ಜಾಡ್ಕಂಡು ಉಜ್ಜಾಡ್ಕಂಡು ಹೊಂದ್ಕಬೇಕು. ಅವಸರ ಮಾಡುದ್ರೆ ಎರಡೂ ಕೆಡ್ತವೆ."

"ನಲವತ್ತಾ? ನಲವತ್ತ್ರಲ್ಲಿ ಎಮ್ಮೆ ಹೋಯ್ತದೆ ಕಣಯ್ಯಾ" ಎಂದರು ಇವರು.

ಮೇಸ್ತ್ರಿ ಇವರ ಮುಖ ನೋಡಿದರು, ನನ್ನ ಮುಖ ನೋಡಿದರು. "ನಿಮ್ ಕೈಲಿ ಆಗದ್ ಮಾತು. ಅಕ್ಕಾವ್ರ ಕೈಗೆ ಕೊಟ್ಬುಡಿ. ಅವ್ರಿಗೆ ನಲವತ್ತರ ಮ್ಯಾಲೆ ಓಡ್ಸಾಕೆ ಧೈರ್ಯ ಬರಾಕಿಲ್ಲ."

ತಮಾಷೆಗೆ ಅಂದದ್ದು. ಆದರೆ ನನಗೆ ರೇಗಿತು. ಐವತ್ತೆರಡು ವರ್ಷದ ಹೆಂಗಸು, ಬಸ್ಸಿಗೆ ಕಾದು ಕಾದು ಅರ್ಧ ಆಯಸ್ಸು ಕಳೆದವಳು, ಅಲ್ಲೇ "ಕೊಡಿ, ನಾನೇ ಓಡಿಸ್ತೀನಿ" ಎಂದುಬಿಟ್ಟೆ. ಇವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಮರುವಾರವೇ ಎಲ್‌ಎಲ್‌ಆರ್ ಮಾಡಿಸಿದರು. ಕಪಿಲೆಯ ದಡದ ಬಯಲಿನಲ್ಲಿ ಸಂಜೆ ಹೊತ್ತು ಕ್ಲಚ್ಚು, ಗೇರು ಕಲಿಸಿದರು. ಎರಡು ನಿಮಿಷದ ಕೋಪದ ಮನುಷ್ಯ, ನಾನು ಹದಿನೈದು ಸಲ ಗಾಡಿ ಆಫ್ ಮಾಡಿದರೂ ಒಂದೇ ಒಂದು ಸಲ ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಗಿತ್ತು.

ಒಂದು ಮಾತಾಯಿತು. ಸಾವಿರ ಆಗುವವರೆಗೆ ಸ್ಟೇರಿಂಗ್ ನನ್ನದು, ಸಾವಿರ ಆದ ಮೇಲೆ ಅವರದು. ಇವರು ನನ್ನ ಚೀಲದಿಂದ ಸೀಮೆಸುಣ್ಣ ತೆಗೆದು ಮೀಟರಿನ ಕೆಳಗೆ 1000 ಎಂದು ಬರೆದರು. ಎಂಥ ಅಕ್ಷರ ಅಂತೀರಿ, ಮೂರು ಸೊನ್ನೆಯೂ ಒಂದರ ಮೇಲೊಂದು ಬಿದ್ದಿದ್ದವು. "ಎರಡನೇ ಕ್ಲಾಸಿನ ಮಕ್ಕಳು ಇದಕ್ಕಿಂತ ಚೆನ್ನಾಗಿ ಬರೀತಾರೆ" ಎಂದೆ. "ಅವ್ರಿಗೆ ನೀನಿದ್ದೀಯಲ್ಲ" ಎಂದರು.

ಮೊದಲ ಭಾನುವಾರ ದೇವಸ್ಥಾನದ ಮುಂದೆ ಪೂಜೆ. ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟು, ಎಂಜಿನ್ನಿಗೆ ವಿಭೂತಿ ಹಚ್ಚಿದರು. ನಾನು ಎರಡು ಸಲ ಆಫ್ ಮಾಡಿ ಮೂರನೇ ಸಲಕ್ಕೆ ನಿಂಬೆಹಣ್ಣಿನ ಮೇಲೆ ಹತ್ತಿಸಿದೆ. ಹೂ ಮಾರುವ ಹೆಂಗಸರು ಚಪ್ಪಾಳೆ ತಟ್ಟಿದರು. ನಮ್ಮೂರಿನ ದೇವರಿಗೆ ರೋಗ ವಾಸಿಮಾಡುವ ವೈದ್ಯನೆಂದೇ ಹೆಸರು. ಆ ದಿನ ಗಾಡಿಗಾಗಿ ಮಾತ್ರ ಕೈಮುಗಿದು ಬಂದೆ, ಬೇರೇನೂ ಕೇಳಲಿಲ್ಲ. ಅದು ನನ್ನ ಬುದ್ಧಿಗೇಡಿತನ.

ಅಲ್ಲಿಂದ ಭಾನುವಾರ ಬಂದರೆ ನಮಗೆ ಹೊರಡುವುದೇ ಕೆಲಸ. ನನಗೆ ರಜೆ, ಎಂಜಿನ್ನಿಗೆ ರನ್ನಿಂಗು. ಗದ್ದೆಗೆ ಹೋದೆವು. ಬದನವಾಳಿಗೆ ಹೋಗಿ ಖಾದಿ ಟವಲು ತಂದೆವು. ಎಲ್ಲಿಗೆ ಹೋಗುವುದಕ್ಕೂ ಕಾರಣ ಬೇಕಿರಲಿಲ್ಲ. ಮುಳ್ಳು ನಲವತ್ತರ ಮೇಲೆ ನಡುಗುತ್ತಾ ನಿಲ್ಲುತ್ತಿತ್ತು. ಬಸ್ಸಿನವರು ಹಾರ್ನ್ ಹೊಡೆದು ಹೊಡೆದು ಮುಂದೆ ಹೋಗುತ್ತಿದ್ದರು. ಒಮ್ಮೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡಿನ ಅಜ್ಜ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕುಹೋದ. ಮೊದಲಾಗಿದ್ದರೆ ಇವರು ಅವನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ಈಗ ಎಡಗಡೆ ಸೀಟಿನಲ್ಲಿ ಮುಂದಿನ ಕಂಬಿ ಹಿಡಿದುಕೊಂಡು, "ಓಗ್ಲಿ ಬುಡು, ಅವ್ನಿಗೇನ್ ರನ್ನಿಂಗಾ" ಎಂದು ಸುಮ್ಮನಾದರು.

ಸುಗ್ಗಿ ಹತ್ತಿರ ಬಂದಾಗ ನಮ್ಮ ಕಡೆ ಹುರುಳಿ ಕಿತ್ತು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಹೋಗಿ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡಬೇಕು. ಜೋರಾಗಿ ಹೋದರೆ ಕಾಳು ಚರಂಡಿಗೆ ಹಾರುತ್ತದೆ, ಹೆಂಗಸರು ಬೈಯುತ್ತಾರೆ. ನನ್ನ ನಲವತ್ತು ಅವರಿಗೆ ತುಂಬಾ ಹಿಡಿಸಿತು. "ಮೇಡಮ್ಮಾರೆ, ಇನ್ನೊಂದ್ ಸುತ್ತು ಬನ್ನಿ" ಎಂದು ಕೂಗುತ್ತಿದ್ದರು. ನಾನು ಇನ್ನೂ ನಿಧಾನ ಮಾಡಿ, ಹರಡಿದ ಉದ್ದಕ್ಕೂ ಚಕ್ರ ಸರಿಯಾಗಿ ಬೀಳುವ ಹಾಗೆ ಹೋಗುತ್ತಿದ್ದೆ. ಯಾರಿಗೋ ಉಪಕಾರವಾಗುತ್ತಿದೆ ಎಂಬ ಹೆಮ್ಮೆ ಬೇರೆ.

ಆ ನಲವತ್ತರಲ್ಲಿ ನಾವು ಮಾತಾಡಿದಷ್ಟು ಮದುವೆಯಾದ ಇಷ್ಟು ವರ್ಷದಲ್ಲಿ ಮಾತಾಡಿರಲಿಲ್ಲ. ಬದನವಾಳಿನಿಂದ ವಾಪಸು ಬರುವಾಗ ಒಮ್ಮೆ ಇವರು ರಸ್ತೆಯನ್ನೇ ನೋಡುತ್ತಾ ಹೇಳಿದರು: "ಆವತ್ತು ಡಾಕ್ಟ್ರು ತೊಂದ್ರೆ ನನ್ದೇ ಅಂದಿದ್ರು ಕಣಮ್ಮಿ. ಮಕ್ಳಾಗ್ದೇ ಇದ್ದುದ್ಕೆ. ನಿಂಗೆ ಹೇಳ್ನಿಲ್ಲ. ಎಲ್ರೂ ನಿನ್ನ ಅಂದ್ರು, ನಾನು ಸುಮ್ಕಿದ್ದೆ."

ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. "ನಿಲ್ಲಿಸ್ಬ್ಯಾಡ, ಓಡ್ಸು. ನಿಲ್ಲಿಸುದ್ರೆ ನನ್ ಕೈಲಿ ಹೇಳಕ್ಕಾಗಾಕಿಲ್ಲ" ಎಂದರು. ಓಡಿಸಿದೆ. ಕಣ್ಣಿನ ತುಂಬ ನೀರು, ಮುಳ್ಳು ನಲವತ್ತರಲ್ಲೇ ಇತ್ತು. ಅವರ ಮೇಲೆ ನನಗೆ ಬಂದ ಕೋಪ ಎರಡು ನಿಮಿಷದ್ದಲ್ಲ. ಎರಡು ಭಾನುವಾರ ಮಾತಿಲ್ಲದೆ ಓಡಿಸಿದೆ. ಮೂರನೇ ಭಾನುವಾರ ಅವರೇ ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಬಂದು ಎಡಗಡೆ ಕೂತಿದ್ದರು. ಆ ಕಾಫಿ ಬಾಯಿಗಿಡುವ ಹಾಗಿರಲಿಲ್ಲ. ಕುಡಿದೆ. ಅಲ್ಲಿಗೆ ಅದು ಮುಗಿಯಿತು.

ಐನೂರು ಆದಾಗ ಆಯಿಲ್ ಬದಲಾಯಿಸಲು ಇವರೊಬ್ಬರೇ ಗ್ಯಾರೇಜಿಗೆ ಹೋಗಿ ಬಂದರು. "ಮೇಸ್ತ್ರಿ ಏನಂದರು?" ಎಂದು ಕೇಳಿದೆ. "ಏನಿಲ್ಲ, ಹಿಂಗೇ ಓಡ್ಸಿ ಅಂದ" ಎಂದರು. ನಾನು ಹಾಗೇ ಓಡಿಸಿದೆ. ಅಷ್ಟು ಹೊತ್ತಿಗೆ ನನಗೆ ಲೈಸೆನ್ಸೂ ಬಂದಿತ್ತು.

ಸಂಕ್ರಾಂತಿ ಕಳೆದ ಭಾನುವಾರ ತಲಕಾಡಿಗೆ ಹೊರಟೆವು. ಸಾವಿರಕ್ಕೆ ಇನ್ನೇನು ನೂರಿಪ್ಪತ್ತು ಬಾಕಿ. ತಲಕಾಡಿನಲ್ಲಿ ಊರ ಹೊರಗೆ ಹೊಳೆ ಕಡೆಗೆ ಇಳಿಯುವ ಮರಳಿನ ದಾರಿಯಲ್ಲಿ ಇವರು ಫೋರ್ ವೀಲ್ ಹಾಕಿಸಿ, "ಹೆದರ್ಕಬ್ಯಾಡ, ಎರಡ್ನೇ ಗೇರ್ನಲ್ಲೇ ಎಳ್ದುಕೊಂಡೋಯ್ತದೆ" ಎಂದರು. ಮರಳಿನಲ್ಲಿ ಜೀಪು ಒಂದು ಸಲ ಕುಂತು, ಎದ್ದು, ಹೋಯಿತು. ನಾನು ಓಡಿಸಿದ್ದೆ! ಇವರು ಕೈ ತಟ್ಟಿದರು. ಅರವತ್ತರ ಹತ್ತಿರದ ಗಂಡಸು, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದರು. ಆ ಮುಖ ನನ್ನ ಕಣ್ಣಲ್ಲಿ ಈಗಲೂ ಹಾಗೇ ಇದೆ.

ಮಧ್ಯಾಹ್ನ ನರಸೀಪುರದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಊಟ ಮಾಡಿದೆವು. ಇವರು ಅವತ್ತು ಮೊದಲ ಸಲ ನಿಧಾನವಾಗಿ ಉಂಡರು. ಅನ್ನ ಅರ್ಧ ಬಿಟ್ಟರು. ನಾನು ನಕ್ಕೆ. "ಏನ್ರೀ, ನೀವೂ ರನ್ನಿಂಗಲ್ಲಿದ್ದೀರಾ?" ಎಂದೆ. ಅವರೂ ನಕ್ಕರು. ಆ ಮಾತನ್ನು ನಾನು ವಾಪಸು ತೆಗೆದುಕೊಳ್ಳುವಂತಿದ್ದರೆ ಎಂದು ಎಷ್ಟು ಸಲ ಅನ್ನಿಸಿದೆಯೋ ಲೆಕ್ಕವಿಲ್ಲ.

ನರಸೀಪುರ ಬಿಟ್ಟು ಹತ್ತು ಕಿಲೋಮೀಟರ್ ಬಂದಿದ್ದೆವು. ಒಂದು ದೊಡ್ಡ ಹುಣಸೆಮರದ ಹತ್ತಿರ ಇವರು ಎದೆ ಉಜ್ಜಿಕೊಂಡರು. "ಗ್ಯಾಸು" ಎಂದರು. "ತಿರುಗಿಸಲಾ? ನರಸೀಪುರದ ಆಸ್ಪತ್ರೆಗೇ ಹೋಗೋಣ" ಎಂದೆ. "ಗ್ಯಾಸ್‌ಗೆಲ್ಲಾ ಯಾರಾದ್ರೂ ಆಸ್ಪತ್ರೆಗೆ ಓಯ್ತಾರಾ? ಮನೇಗ್ ನಡಿ. ಸೋಡಾ ಕುಡುದ್ರೆ ಸರಿಯಾಯ್ತದೆ."

ಸ್ವಲ್ಪ ದೂರ ಹೋದ ಮೇಲೆ ಹುರುಳಿ ಹರಡಿದ್ದರು. ಅಭ್ಯಾಸಬಲ. ನಾನು ನಿಧಾನ ಮಾಡಿದೆ. ಚಕ್ರ ಸರಿಯಾಗಿ ಬೀಳುವ ಹಾಗೆ ಮೆಲ್ಲಗೆ ದಾಟಿಸಿದೆ. ಹೆಂಗಸರು ಕೈಬೀಸಿದರು, ನಾನೂ ಬೀಸಿದೆ. ಹೌದು, ಕೈ ಬೀಸಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೇ.

ಅದನ್ನು ದಾಟಿ ಎಡಕ್ಕೆ ನೋಡಿದರೆ ಇವರ ಅಂಗಿ ಬೆವರಿನಲ್ಲಿ ಒದ್ದೆ. ಮುಖ ಬಣ್ಣಗೆಟ್ಟಿತ್ತು. ಆಗ ನನಗೆ ಗೊತ್ತಾಯಿತು. ಹಿಂದಕ್ಕೆ ತಿರುಗಿಸುವುದು ಹೊಳೆಯಲೇ ಇಲ್ಲ, ನಮ್ಮೂರಿನ ಆಸ್ಪತ್ರೆಯೊಂದೇ ತಲೆಯಲ್ಲಿತ್ತು. ಆಕ್ಸಿಲರೇಟರ್ ಒತ್ತಿದೆ. ಮುಳ್ಳು ನಲವತ್ತೈದು, ಐವತ್ತು, ಐವತ್ತೈದು. ಅಷ್ಟು ತಿಂಗಳು ಕೇಳದ ಸದ್ದು ಎಂಜಿನ್ನಿನಿಂದ ಬಂತು. ಇವರು ಕಣ್ಣು ಬಿಟ್ಟರು.

"ನಲವತ್ತು ಕಣಮ್ಮಿ" ಎಂದರು. "ನಲವತ್ತು... ಮೆಲ್ಲಗೆ."

ನಾನು ಕಾಲು ತೆಗೆದೆ.

ಯಾಕೆ ತೆಗೆದೆ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ಹೇಳಿದ ಮಾತನ್ನು ಮೀರುವ ಪೈಕಿಯವಳಲ್ಲ ನಾನು. ಗೆರೆ ಎಂದರೆ ಗೆರೆಯೊಳಗೆ ಬರೆಯಬೇಕು ಎಂದು ಮಕ್ಕಳ ಕೈಹಿಡಿದು ತಿದ್ದಿದವಳು. ಇನ್ನೂ ಒಂದು ಯೋಚನೆ ಬಂತು. ಎಂಜಿನ್ ನಡುದಾರಿಯಲ್ಲಿ ಹಿಡಿದುಕೊಂಡು ನಿಂತರೆ ಇವರನ್ನು ಹೇಗೆ ಸಾಗಿಸಲಿ? ನಿಂತರೆ ಎಲ್ಲಾ ಹೋಯಿತು, ನಲವತ್ತರಲ್ಲಿ ಹೋದರೆ ಸೇರಿಯಾದರೂ ಸೇರುತ್ತೇನೆ. ಹಾಗೆಂದುಕೊಂಡು ಮುಳ್ಳನ್ನು ನಲವತ್ತಕ್ಕೆ ತಂದು ಅಲ್ಲೇ ಹಿಡಿದೆ. ಮಾತಾಡಿಸುತ್ತಲೇ ಇದ್ದೆ. ಮೊದಮೊದಲು ಹ್ಞೂಂ ಎಂದರು. ಆಮೇಲೆ ತಲೆಯಾಡಿಸಿದರು. ನಂಜನಗೂಡಿನ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲಿಸಿದಾಗ ಕಂಬಿ ಹಿಡಿದಿದ್ದ ಕೈ ತೊಡೆಯ ಮೇಲೆ ಬಿದ್ದಿತ್ತು.

ಟೀ ಅಂಗಡಿಯವರಿಬ್ಬರು ಓಡಿಬಂದು ಎತ್ತಿಕೊಂಡರು. ಒಳಗೆ ಬಹಳ ಹೊತ್ತೇನೂ ಆಗಲಿಲ್ಲ. ಡಾಕ್ಟರು ಹೊರಗೆ ಬಂದು, "ಸ್ವಲ್ಪ ಮುಂಚೆ ಬಂದಿದ್ರೆ ನೋಡಬಹುದಿತ್ತಮ್ಮ" ಎಂದರು. ಆ ಮಾತನ್ನು ಅವರು ದಿನಕ್ಕೆ ಎಷ್ಟು ಜನಕ್ಕೆ ಹೇಳುತ್ತಾರೋ. ನನಗೆ ಮಾತ್ರ ಆ "ಸ್ವಲ್ಪ" ಎಷ್ಟೆಂದು ತಿಳಿಯಬೇಕಾಗಿತ್ತು.

ಗದ್ದೆಯ ಮೂಲೆಯಲ್ಲಿ, ಇವರ ಅಪ್ಪ ಅವ್ವನ ಪಕ್ಕದಲ್ಲಿ ಮಣ್ಣು ಮಾಡಿದರು. ಹನ್ನೊಂದನೇ ದಿನದ ಕಾರ್ಯಕ್ಕೆ ಮೇಸ್ತ್ರಿಯೂ ಬಂದಿದ್ದರು. ಊಟ ಮುಗಿದು ಜನ ಕರಗಿದ ಮೇಲೆ ಅಂಗಳದಲ್ಲಿದ್ದ ಜೀಪಿನ ಹತ್ತಿರ ನಿಂತು, ಬಾನೆಟ್ಟಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸುತ್ತಿದ್ದರು. ನಾನು ಹೋಗಿ ನೇರವಾಗಿ ಕೇಳಿದೆ.

"ಮೇಸ್ತ್ರಿ, ಅವತ್ತು ನಾನು ಎಪ್ಪತ್ತರಲ್ಲಿ ಓಡಿಸಿದ್ದರೆ ಎಂಜಿನ್ ಹಿಡಿದುಕೊಳ್ತಿತ್ತಾ?"

ಅವರು ನನ್ನನ್ನು ನೋಡಿದರು. ಪಾಪ, ನಾನು ಏನು ಕೇಳುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. "ಹಿಡ್ಕಳಾದಾ? ಯಾಕ್ ಹಿಡ್ಕತದೆ ಅಕ್ಕಾವ್ರೆ? ಐನೂರಕ್ಕೆ ಆಯಿಲ್ ಬದ್ಲಾಯ್ಸುದ್ ದಿನವೇ ಅಂದಿದ್ನಲ್ಲ. ಎಂಜಿನ್ ಚೆನ್ನಾಗ್ ಕುಂತದೆ, ಇನ್ ನಲವತ್ತೂ ಬ್ಯಾಡ, ಏನೂ ಬ್ಯಾಡ, ಅರವತ್ತು ಎಪ್ಪತ್ತು ಓಡ್ಸಿ, ನಿಮ್ ಗಾಡಿ ನೀವೇ ತಕಳಿ ಅಂತ."

"ಯಾರಿಗೆ ಅಂದಿದ್ರಿ?"

"ಯಜಮಾನ್ರಿಗೆ. ಅವ್ರು ನಕ್ಕಂಡು, 'ಅವ್ಳಿಗೆ ಹೇಳ್ಬ್ಯಾಡ ಕಣಯ್ಯಾ. ಸಾವ್ರ ಆಗ್ಲಿ. ಈಗ್ಲೇ ಗೊತ್ತಾದ್ರೆ ಸ್ಟೇರಿಂಗ್ ನನ್ ಕೈಗೆ ಕೊಟ್ಟು ಮನೇಲಿ ಕೂತ್ಕತಾಳೆ. ನಂಗೀಗ ಭಾನ್ವಾರ ಬಂದ್ರೆ ಸಾಕು ಅನ್ನಂಗಾಗದೆ' ಅಂದ್ರು."

ಅಷ್ಟು ಹೇಳಿದ ಮೇಲೆ ಮೇಸ್ತ್ರಿಗೆ ಎಲ್ಲಾ ಅರ್ಥವಾಯಿತು. ತಲೆಯ ಮೇಲೆ ಕೈ ಇಟ್ಟುಕೊಂಡು ಜಗುಲಿಯ ಮೇಲೆ ಕುಸಿದು ಕೂತರು. ಅವರದೇನೂ ತಪ್ಪಿಲ್ಲ ಎಂದು ಸಮಾಧಾನ ಮಾಡುವಷ್ಟು ಒಳ್ಳೆಯತನ ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ.

ಸುಳ್ಳ. ಮಹಾ ಸುಳ್ಳ. ಮಕ್ಕಳ ವಿಷಯದಲ್ಲೂ ಮುಚ್ಚಿಟ್ಟ, ಇದರಲ್ಲೂ ಮುಚ್ಚಿಟ್ಟ. ಮೊದಲನೆಯದನ್ನು ಹೆದರಿಕೆಗೆ ಮುಚ್ಚಿಟ್ಟರು, ಸರಿ, ಕ್ಷಮಿಸಿದೆ. ಎರಡನೆಯದನ್ನು ನನ್ನ ಮೇಲಿನ ಪ್ರೀತಿಗೆ ಮುಚ್ಚಿಟ್ಟರಲ್ಲ, ಇದನ್ನು ಏನು ಮಾಡಲಿ? ಬೈಯೋಣವೆಂದರೆ ಎದುರಿಗೆ ಇಲ್ಲ. ಕೊನೆಗೆ ನಲವತ್ತು ಎಂದದ್ದು ಎಂಜಿನ್ನಿಗಾಗಿ ಅಲ್ಲ. ಎದೆ ಹಿಂಡುತ್ತಿದ್ದರೂ, ಹೊಸದಾಗಿ ಕಲಿತವಳು ಗಾಬರಿಯಲ್ಲಿ ಮರಕ್ಕೆ ಗುದ್ದಿಕೊಂಡಾಳು ಎಂದು ಹೇಳಿದ್ದು. ನಾನು ಹಾಗೆಂದೇ ನಂಬಿದ್ದೇನೆ. ಕೇಳಿ ತಿಳಿದುಕೊಳ್ಳಲು ಆಗುವುದಿಲ್ಲವಲ್ಲ.

ಮುಂದಿನ ಭಾನುವಾರ ನಾನೊಬ್ಬಳೇ ಜೀಪು ತೆಗೆದೆ. ಹುಣಸೆಮರದವರೆಗೆ ನಲವತ್ತರಲ್ಲೇ ಹೋದೆ. ಅಲ್ಲಿ ತಿರುಗಿಸಿ, ಕೈಗಡಿಯಾರ ನೋಡಿಕೊಂಡು, ಕಾಲು ಪೂರ್ತಿ ಒತ್ತಿದೆ. ಐವತ್ತು. ಅರವತ್ತು. ಎಪ್ಪತ್ತು. ಎಂಜಿನ್ ಒಂದಿಷ್ಟೂ ಗೊಣಗಲಿಲ್ಲ. ಹೊಗೆ ಇಲ್ಲ, ಬಿಸಿ ಇಲ್ಲ. ಎಷ್ಟು ಚೆನ್ನಾಗಿ ಓಡಿತು ಎಂದರೆ ನನಗೆ ಅಳು ತಡೆಯಲಾಗಲಿಲ್ಲ. ಹುರುಳಿ ಹರಡಿದ ಜಾಗದಲ್ಲಿ ಹೆಂಗಸರು ಎದ್ದು ನಿಂತು ಬೈದರು. ಕಾಳು ಹಾರಿರಬೇಕು. ಎಲ್ಲೋ ದಾರಿಯಲ್ಲಿ ಮೀಟರು ಸಾವಿರ ದಾಟಿತು, ಯಾವಾಗ ಎಂದು ನೋಡಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ನಿಲ್ಲಿಸಿ ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ. ಅವತ್ತು ನನಗೆ ಮೂವತ್ತೈದು ಹಿಡಿದಿತ್ತು. ಡಾಕ್ಟರು ಹೇಳಿದ "ಸ್ವಲ್ಪ" ಹದಿನೈದು ನಿಮಿಷ.

ಮೀಟರಿನ ಕೆಳಗೆ ಒಂದರ ಮೇಲೊಂದು ಬಿದ್ದ ಮೂರು ಸೊನ್ನೆ ಹಾಗೇ ಇದ್ದವು. ಸಾವಿರ ಆದ ಮೇಲೆ ಸ್ಟೇರಿಂಗ್ ಅವರದು ಎಂದು ಮಾತಾಗಿತ್ತು. ನಾನು ಮಾತಿಗೆ ತಪ್ಪುವವಳಲ್ಲ. ಎಂಜಿನ್ ಆಫ್ ಮಾಡದೆ ಕೆಳಗಿಳಿದೆ. ಮುಂದಿನಿಂದ ಸುತ್ತಿಬಂದು ಎಡಗಡೆ ಸೀಟಿನಲ್ಲಿ ಕೂತು, ಕಂಬಿ ಹಿಡಿದುಕೊಂಡೆ. ಅವರು ಹಿಡಿಯುತ್ತಿದ್ದ ಜಾಗದಲ್ಲಿ ಬಣ್ಣ ಸವೆದಿತ್ತು.

ವಾಚ್‌ಮನ್ ಬಂದು ಬಾನೆಟ್ ತಟ್ಟಿದ. "ಗೇಟ್ನಲ್ಲಿ ಅಡ್ಡ ನಿಲ್ಲಿಸವ್ರಲ್ಲ ಕಣವ್ವಾ, ಆಂಬುಲೆನ್ಸ್ ಬತ್ತದೆ, ಗಾಡಿ ತೆಗಿಸಿ. ಎಲ್ ಹೋದ ನಿಮ್ ಡ್ರೈವರು?"

ಬಲಗಡೆಯ ಖಾಲಿ ಸೀಟು ನೋಡಿದೆ. "ನಾನೇ ಡ್ರೈವರು" ಎಂದು ಇಳಿದು, ಮುಂದಿನಿಂದ ಸುತ್ತಿಹೋಗಿ ಬಲಗಡೆ ಹತ್ತಿದೆ.